ಮಕ್ಕಳ ಜೀವನಾಂಶ: ಬಸವಕಲ್ಯಾಣ, ಹುಮನಾಬಾದ್ ಭಾಗದ ಕುಟುಂಬಗಳು ತಿಳಿದಿರಬೇಕಾದ ಕಾನೂನು, ವಕೀಲರನ್ನು ಹುಡುಕುವ ಬಗೆ

ಗಂಡ ಹೆಂಡತಿ ಬೇರೆಯಾದಾಗ ಸಮಾಜದಲ್ಲಿ ಮೊದಲು ಮಾತಿಗೆ ಬರುವುದು ಬಂಗಾರ, ಮದುವೆ ಖರ್ಚು, ತಪ್ಪು ಯಾರದು ಎಂಬ ವಿಚಾರ. ಮಗುವಿನ ಶಾಲೆ ಫೀಸು ಯಾರು ಕಟ್ಟಬೇಕು, ಜ್ವರ ಬಂದರೆ ಆಸ್ಪತ್ರೆಯ ಬಿಲ್ಲು ಯಾರು ಕೊಡಬೇಕು ಎಂಬ ಮಾತು ಕೊನೆಗೆ ಬರುತ್ತದೆ. ಎಷ್ಟೋ ಸಲ ಬರುವುದೇ ಇಲ್ಲ. ತಾಯಿ ಮಗುವನ್ನು ಕರೆದುಕೊಂಡು ತವರಿಗೆ ಬರುತ್ತಾಳೆ, ಅಜ್ಜ ಮಾವಂದಿರು ಖರ್ಚು ನೋಡಿಕೊಳ್ಳುತ್ತಾರೆ, ಹಿರಿಯರ ಮಾತುಕತೆ ಒಂದು ವರ್ಷ ಎರಡು ವರ್ಷ ನಡೆಯುತ್ತದೆ. ಆ ಅವಧಿಯ ಹಣ ಮಗುವಿಗೆ ಸಾಮಾನ್ಯವಾಗಿ ಮರಳಿ ಸಿಗುವುದಿಲ್ಲ. ಏಕೆಂದರೆ ನ್ಯಾಯಾಲಯ ಜೀವನಾಂಶವನ್ನು ಲೆಕ್ಕ ಹಾಕುವುದು ಅರ್ಜಿ ಹಾಕಿದ ದಿನದಿಂದ, ಮನೆ ಬಿಟ್ಟು ಬಂದ ದಿನದಿಂದಲ್ಲ.

ಬೀದರ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದ್ ತಾಲೂಕುಗಳ ಕುಟುಂಬಗಳನ್ನು ಗಮನದಲ್ಲಿಟ್ಟು ಈ ಮಾಹಿತಿ ಕೊಡಲಾಗಿದೆ. ಕಾನೂನು ಮಾತ್ರ ರಾಜ್ಯದ ಎಲ್ಲ ಜೈನ ಕುಟುಂಬಗಳಿಗೂ ಒಂದೇ.

ಜೈನರಿಗೆ ಯಾವ ಕಾನೂನು ಅನ್ವಯ

ಜೈನರು ಅಲ್ಪಸಂಖ್ಯಾತರಾದ ಮೇಲೆ ಹಿಂದೂ ವಿವಾಹ ಕಾಯ್ದೆ ತಮಗೆ ಅನ್ವಯಿಸುವುದಿಲ್ಲ ಎಂದು ಕೆಲವರು ತಿಳಿದಿದ್ದಾರೆ. ಇದು ತಪ್ಪು ತಿಳಿವಳಿಕೆ. 1955ರ ಹಿಂದೂ ವಿವಾಹ ಕಾಯ್ದೆ ಮತ್ತು 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ ಎರಡರ 2ನೇ ಕಲಂನಲ್ಲಿಯೂ ಬೌದ್ಧರು, ಸಿಖ್ಖರ ಜೊತೆ ಜೈನರ ಹೆಸರು ಸ್ಪಷ್ಟವಾಗಿ ಇದೆ. 2014ರ ಜನವರಿಯಲ್ಲಿ ಕೇಂದ್ರ ಸರ್ಕಾರ ಜೈನರನ್ನು ರಾಷ್ಟ್ರಮಟ್ಟದ ಅಲ್ಪಸಂಖ್ಯಾತ ಸಮುದಾಯವೆಂದು ಪ್ರಕಟಿಸಿದ್ದರಿಂದ ಈ ಕಾಯ್ದೆಗಳಲ್ಲಿ ಏನೂ ಬದಲಾಗಿಲ್ಲ.

ಈ ಗೊಂದಲ ಜನಸಾಮಾನ್ಯರದು ಮಾತ್ರವಲ್ಲ. 2025ರ ಫೆಬ್ರವರಿಯಲ್ಲಿ ಇಂದೋರಿನ ಕುಟುಂಬ ನ್ಯಾಯಾಲಯವೊಂದು, ಜೈನರು ಈಗ ಅಲ್ಪಸಂಖ್ಯಾತರು, ಆದ್ದರಿಂದ ಹಿಂದೂ ವಿವಾಹ ಕಾಯ್ದೆಯಡಿ ವಿಚ್ಛೇದನ ಕೇಳುವಂತಿಲ್ಲ ಎಂದು ಜೈನ ದಂಪತಿಯ ಅರ್ಜಿಯನ್ನು ತಿರಸ್ಕರಿಸಿತ್ತು. ಮಾರ್ಚ್ ತಿಂಗಳಲ್ಲಿ ಮಧ್ಯಪ್ರದೇಶ ಹೈಕೋರ್ಟ್ ಆ ಆದೇಶವನ್ನು ರದ್ದು ಮಾಡಿ, ಕಾಯ್ದೆ ಜೈನರಿಗೆ ಅನ್ವಯಿಸುತ್ತದೆ ಎಂದು ಹೇಳಿತು. ಎದುರು ಪಕ್ಷದವರು ಈ ವಾದ ತಂದರೆ ಹೆದರಬೇಕಾಗಿಲ್ಲ.

ಮಗುವಿನ ಖರ್ಚಿಗಾಗಿ ನಾಲ್ಕು ದಾರಿಗಳಿವೆ. ಹೆಚ್ಚು ಬಳಕೆಯಲ್ಲಿರುವುದು ಹಳೆಯ 125ನೇ ಕಲಂ. 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಆಗಿದೆ. ವಕೀಲರು, ಗುಮಾಸ್ತರು ಇಂದಿಗೂ ರೂಢಿಯಲ್ಲಿ 'ಒನ್ ಟ್ವೆಂಟಿಫೈವ್' ಎಂದೇ ಅನ್ನುತ್ತಾರೆ. ಇದಕ್ಕೆ ಜಾತಿ ಧರ್ಮದ ಭೇದವಿಲ್ಲ, ವಿಚ್ಛೇದನದ ದಾವೆ ಇರಬೇಕೆಂಬ ನಿಯಮವೂ ಇಲ್ಲ. ಹಿಂದೆ ತಿಂಗಳಿಗೆ 500 ರೂಪಾಯಿಗಿಂತ ಹೆಚ್ಚು ಕೊಡಿಸುವಂತಿರಲಿಲ್ಲ. 2001ರ ತಿದ್ದುಪಡಿಯಲ್ಲಿ ಆ ಮಿತಿ ತೆಗೆದುಹಾಕಲಾಯಿತು. ವಿಚ್ಛೇದನ ಅಥವಾ ಬೇರೆ ವೈವಾಹಿಕ ದಾವೆ ನಡೆದಿದ್ದರೆ ಅದರಲ್ಲಿಯೇ ಹಿಂದೂ ವಿವಾಹ ಕಾಯ್ದೆಯ 26ನೇ ಕಲಂ ಪ್ರಕಾರ ಮಕ್ಕಳ ಪಾಲನೆ, ಶಿಕ್ಷಣದ ಖರ್ಚು ಕೇಳಬಹುದು. ಮನೆಯಲ್ಲಿ ಹೊಡೆತ, ಹಿಂಸೆ ಇದ್ದರೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ರಕ್ಷಣೆಯ ಆದೇಶದ ಜೊತೆಗೆ ಮಕ್ಕಳ ಖರ್ಚನ್ನೂ ಕೇಳಬಹುದು. ನಾಲ್ಕನೆಯದು ದತ್ತಕ ಮತ್ತು ಜೀವನಾಂಶ ಕಾಯ್ದೆಯ 20ನೇ ಕಲಂ ಪ್ರಕಾರ ಸಿವಿಲ್ ದಾವೆ. ನಿಧಾನದ ದಾರಿ, ಆದರೆ ಆಸ್ತಿಯ ಮೇಲೆ ಭಾರ ಹೊರಿಸಲು ಇಲ್ಲಿ ಅವಕಾಶವಿದೆ.

ಹೆಣ್ಣುಮಕ್ಕಳ ವಿಷಯದಲ್ಲಿ ಈ ನಾಲ್ಕನೆಯ ದಾರಿಯ ಬೆಲೆ ಹೆಚ್ಚು. 144ನೇ ಕಲಂ ಪ್ರಕಾರ 18 ತುಂಬಿದ ಮೇಲೆ, ಅಂಗವೈಕಲ್ಯ ಅಥವಾ ಮಾನಸಿಕ ಅಸ್ವಸ್ಥತೆಯಿಂದ ದುಡಿಯಲಾರದ ಮಕ್ಕಳಿಗೆ ಮಾತ್ರ ಜೀವನಾಂಶ ಸಿಗುತ್ತದೆ. 20ನೇ ಕಲಂ ಪ್ರಕಾರವಾದರೆ, ತನ್ನ ಗಳಿಕೆಯಿಂದ ಬದುಕಲಾರದ ಅವಿವಾಹಿತ ಮಗಳಿಗೆ ಮದುವೆಯಾಗುವವರೆಗೂ ಹಕ್ಕಿದೆ. ಅವಳ ಮದುವೆಯ ನ್ಯಾಯವಾದ ಖರ್ಚೂ ಜೀವನಾಂಶದಲ್ಲಿ ಸೇರುತ್ತದೆ. ಈ ವ್ಯತ್ಯಾಸವನ್ನು ಸುಪ್ರೀಂ ಕೋರ್ಟ್ 2020ರ ಸೆಪ್ಟೆಂಬರಿನಲ್ಲಿ ಅಭಿಲಾಷಾ ಪ್ರಕರಣದಲ್ಲಿ ಬಿಡಿಸಿ ಹೇಳಿದೆ. ಮಗಳು ಪಿಯುಸಿ ಮುಗಿಸಿದ ಕೂಡಲೇ ತಂದೆಯ ಜವಾಬ್ದಾರಿ ಮುಗಿಯಿತು ಎನ್ನುವವರು ಇದನ್ನು ಓದಬೇಕು.

ಜೀವನಾಂಶ ಬೇರೆ, ಪಿತ್ರಾರ್ಜಿತ ಆಸ್ತಿಯ ಪಾಲು ಬೇರೆ. ಹುಟ್ಟಿನಿಂದಲೇ ಮಗನಿಗೆ ಪಾಲಿದೆ ಎಂದ ಮಿತಾಕ್ಷರವನ್ನು ವಿಜ್ಞಾನೇಶ್ವರ ಬರೆದದ್ದು ಆರನೇ ವಿಕ್ರಮಾದಿತ್ಯನ ಕಾಲದಲ್ಲಿ, ಇದೇ ಕಲ್ಯಾಣದಲ್ಲಿ. ಮಗಳಿಗೂ ಅದೇ ಹಕ್ಕು ಕರ್ನಾಟಕದಲ್ಲಿ 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ ಬಂತು. ಮುಂದೆ ಆಸ್ತಿ ಬರುತ್ತದಲ್ಲ ಎಂದು ಹೇಳಿ ಇಂದಿನ ಹಾಲು, ಪುಸ್ತಕ, ಫೀಸಿನ ಹಣ ತಪ್ಪಿಸುವಂತಿಲ್ಲ.

ಹಕ್ಕು ಮಗುವಿನದು

ಹಿರಿಯರು ಕೂತು ರಾಜಿ ಮಾಡಿಸುವುದು ಸಮಾಜದಲ್ಲಿ ಹಳೆಯ ರೂಢಿ. ಅದರಿಂದ ಎಷ್ಟೋ ಮನೆಗಳು ಉಳಿದಿವೆ, ಅದನ್ನು ಅಲ್ಲಗಳೆಯುವಂತಿಲ್ಲ. ತೊಂದರೆ ಬರುವುದು ಬಾಂಡ್ ಪೇಪರಿನ ಮೇಲೆ 'ಇಷ್ಟು ಹಣ ಕೊಟ್ಟಿದೆ, ಇನ್ನು ಮುಂದೆ ತಾಯಿಯಾಗಲಿ ಮಗುವಾಗಲಿ ಏನೂ ಕೇಳತಕ್ಕದ್ದಲ್ಲ' ಎಂದು ಬರೆಸಿ ಸಹಿ ಹಾಕಿಸಿದಾಗ. ತಾಯಿ ತನ್ನ ಪಾಲನ್ನು ಬಿಡಬಹುದು, ಮಗುವಿನ ಪಾಲನ್ನು ಬಿಟ್ಟುಕೊಡುವ ಅಧಿಕಾರ ಅವಳಿಗಿಲ್ಲ, ಪಂಚರಿಗೂ ಇಲ್ಲ. ಅಪ್ಪ ಅಮ್ಮ ತಮ್ಮ ನಡುವೆ ಮಾಡಿಕೊಂಡ ಒಪ್ಪಂದದಿಂದ ಅಪ್ರಾಪ್ತ ಮಗುವಿನ ಹಕ್ಕು ಹೋಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದೆ. ಅಂಥ ಕಾಗದಕ್ಕೆ ಸಹಿ ಆಗಿಹೋಗಿದ್ದರೂ ಮಗುವಿನ ಪರವಾಗಿ ಅರ್ಜಿ ಹಾಕಬಹುದು.

ಇದೇ ಕಾರಣಕ್ಕೆ ಅರ್ಜಿಯಲ್ಲಿ ತಾಯಿಯ ಹೆಸರಿನ ಜೊತೆಗೆ ಪ್ರತಿ ಮಗುವನ್ನೂ ಪ್ರತ್ಯೇಕ ಅರ್ಜಿದಾರರೆಂದು ತೋರಿಸುವಂತೆ ವಕೀಲರಿಗೆ ಹೇಳಬೇಕು. ತಾಯಿಗೆ ನೌಕರಿ ಇದೆ, ಅಥವಾ ಅವಳೇ ಮನೆ ಬಿಟ್ಟಳು ಎಂಬ ವಾದದಿಂದ ಅವಳ ಜೀವನಾಂಶ ಕಡಿಮೆಯಾಗಬಹುದು, ಹೋಗಲೂಬಹುದು. ಮಗುವಿನದು ಹೋಗುವುದಿಲ್ಲ. ತಾಯಿ ದುಡಿಯುತ್ತಿದ್ದರೆ ಖರ್ಚನ್ನು ಇಬ್ಬರ ಆದಾಯಕ್ಕೆ ತಕ್ಕ ಹಾಗೆ ಹಂಚಬೇಕೆಂದು ಸುಪ್ರೀಂ ಕೋರ್ಟ್ 2000ದಲ್ಲಿ ಪದ್ಮಜಾ ಶರ್ಮಾ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಅಲ್ಲಿ ತಂದೆಯ ಸಂಬಳ ತಾಯಿಯದರ ಎರಡು ಪಟ್ಟು ಇದ್ದುದರಿಂದ ಖರ್ಚನ್ನೂ ಎರಡಕ್ಕೆ ಒಂದರಂತೆ ಹಂಚಲಾಯಿತು.

ಮಗುವನ್ನು ನೋಡಲು ಬಿಡುವುದಿಲ್ಲ, ಆದ್ದರಿಂದ ಹಣ ಕೊಡುವುದಿಲ್ಲ ಎಂದು ಹಲವು ತಂದೆಯರು ಹೇಳುತ್ತಾರೆ. ಹಣ ಕೊಡುತ್ತಿಲ್ಲ, ಆದ್ದರಿಂದ ತೋರಿಸುವುದಿಲ್ಲ ಎಂದು ತಾಯಿಯ ಕಡೆಯವರು. ಎರಡೂ ಬೇರೆ ಬೇರೆ ವಿಷಯ. ಭೇಟಿಗೆ ಬೇರೆ ಅರ್ಜಿ ಉಂಟು.

ತಂದೆ ತೀರಿಕೊಂಡಿದ್ದರೆ ದತ್ತಕ ಮತ್ತು ಜೀವನಾಂಶ ಕಾಯ್ದೆಯ 22ನೇ ಕಲಂ ಪ್ರಕಾರ ಅವನ ಆಸ್ತಿ ಪಡೆದ ವಾರಸುದಾರರು ಆ ಆಸ್ತಿಯಿಂದ ಅವನ ಅವಲಂಬಿತರನ್ನು ಸಾಕಬೇಕು.

ಅರ್ಜಿ ಎಲ್ಲಿ ಹಾಕಬೇಕು

ಈ ಎರಡು ತಾಲೂಕುಗಳು ಗಡಿಯಲ್ಲಿವೆ. ಬಸವಕಲ್ಯಾಣದಿಂದ ಉಮರ್ಗಾ, ನಿಲಂಗಾ, ಲಾತೂರು, ಸೋಲಾಪುರದ ಕಡೆಗೂ ಹುಮನಾಬಾದಿನಿಂದ ಜಹೀರಾಬಾದ್, ಹೈದರಾಬಾದಿನ ಕಡೆಗೂ ಹೆಣ್ಣು ಕೊಡುವುದು ತರುವುದು ಇದ್ದೇ ಇದೆ. ಮದುವೆಯಾದದ್ದು ಲಾತೂರಿನಲ್ಲಿ, ಸಂಸಾರ ಮಾಡಿದ್ದು ಪುಣೆಯಲ್ಲಿ, ಈಗ ಮಗಳು ಮಗುವಿನೊಡನೆ ಬಸವಕಲ್ಯಾಣದ ತವರಿನಲ್ಲಿದ್ದಾಳೆ ಎಂದಿಟ್ಟುಕೊಳ್ಳಿ. ಅವಳು ಪುಣೆಗೆ ಓಡಾಡಬೇಕೆ? ಬೇಕಾಗಿಲ್ಲ. ಗಂಡ ಇರುವಲ್ಲಿ, ಹೆಂಡತಿ ಈಗ ವಾಸಿಸುತ್ತಿರುವಲ್ಲಿ, ಇಬ್ಬರೂ ಕೊನೆಗೆ ಜೊತೆಯಾಗಿದ್ದಲ್ಲಿ, ಈ ಮೂರರಲ್ಲಿ ಎಲ್ಲಿಯಾದರೂ 144ನೇ ಕಲಂ ಅರ್ಜಿ ಹಾಕಬಹುದು. ಕೌಟುಂಬಿಕ ದೌರ್ಜನ್ಯದ ಅರ್ಜಿಗೆ ಅವಳು ತಾತ್ಕಾಲಿಕವಾಗಿ ವಾಸವಿರುವ ಊರೂ ಸಾಕು. ಹಿಂದೂ ವಿವಾಹ ಕಾಯ್ದೆಯ ಅರ್ಜಿಯನ್ನೂ ಹೆಂಡತಿ ತಾನಿರುವ ಊರಿನ ವ್ಯಾಪ್ತಿಯ ನ್ಯಾಯಾಲಯದಲ್ಲಿ ಹಾಕಬಹುದು. ಇದು 2003ರ ತಿದ್ದುಪಡಿಯಿಂದ ಬಂದ ಅನುಕೂಲ. ಗಂಡನೇ ಮೊದಲು ಮಹಾರಾಷ್ಟ್ರದಲ್ಲಿ ವಿಚ್ಛೇದನದ ದಾವೆ ಹಾಕಿದ್ದರೆ, ಅದನ್ನು ಇಲ್ಲಿಗೆ ವರ್ಗಾಯಿಸಿಕೊಡಿ ಎಂದು ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಬೇಕು, ಏಕೆಂದರೆ ಎರಡು ರಾಜ್ಯಗಳ ನಡುವಿನ ವರ್ಗಾವಣೆ ಅಲ್ಲಿಂದಲೇ ಆಗುವುದು.

ಬಸವಕಲ್ಯಾಣ, ಹುಮನಾಬಾದ್ ಎರಡೂ ಕಡೆ ತಾಲೂಕು ನ್ಯಾಯಾಲಯಗಳಿವೆ, ಕುಟುಂಬ ನ್ಯಾಯಾಲಯ ಬೀದರಿನಲ್ಲಿದೆ. ಯಾವ ಅರ್ಜಿ ಊರಿನಲ್ಲೇ ನಡೆಯುತ್ತದೆ, ಯಾವುದು ಬೀದರಿಗೆ ಹೋಗಬೇಕು ಎಂಬುದನ್ನು ವಕೀಲರನ್ನು ಮೊದಲ ದಿನವೇ ಕೇಳಬೇಕು. ಹುಮನಾಬಾದಿನವರಿಗೆ ಬೀದರಿಗೆ ರೈಲಾದರೂ ಇದೆ. ಬಸವಕಲ್ಯಾಣಕ್ಕೆ ಅದೂ ಇಲ್ಲ. ಪ್ರತಿ ತಾರೀಖಿಗೆ ಮಗುವನ್ನು ಎತ್ತಿಕೊಂಡು ಬಸ್ಸು ಹತ್ತುವ ತಾಯಿಗೆ ಇದು ಸಣ್ಣ ವಿಷಯವಲ್ಲ. ಮೇಲಿನ ನ್ಯಾಯಾಲಯಕ್ಕೆ ಹೋಗಬೇಕಾದರೆ ಬೆಂಗಳೂರಿಗೆ ಹೋಗುವ ಕಾಲ ಮುಗಿದಿದೆ. 2008ರಿಂದ ಹೈಕೋರ್ಟಿನ ಪೀಠ ಕಲಬುರಗಿಯಲ್ಲಿದೆ, 2013ರಲ್ಲಿ ಅದು ಕಾಯಂ ಆಯಿತು.

'ಅಂಗಡಿ ಅಣ್ಣನ ಹೆಸರಿನಲ್ಲಿದೆ'

ವ್ಯಾಪಾರಸ್ಥ ಕುಟುಂಬಗಳ ಪ್ರಕರಣಗಳು ತೊಡರಿಕೊಳ್ಳುವುದು ಇಲ್ಲಿಯೇ. ನೌಕರದಾರನಾದರೆ ಸಂಬಳದ ಚೀಟಿ ಇರುತ್ತದೆ. ಅಡತ್ ಅಂಗಡಿ, ಕಿರಾಣಿ, ಬಟ್ಟೆ, ಬಂಗಾರದ ವ್ಯಾಪಾರದಲ್ಲಿ ಅಂಗಡಿ ಅಪ್ಪನ ಹೆಸರಿಗೆ, ಜಿಎಸ್‌ಟಿ ಅಣ್ಣನ ಹೆಸರಿಗೆ, ಮನೆ ಅಮ್ಮನ ಹೆಸರಿಗೆ ಇರುತ್ತದೆ. ಗಲ್ಲಾದ ಮೇಲೆ ಕೂತವನು ನ್ಯಾಯಾಲಯದಲ್ಲಿ 'ನಾನು ತಿಂಗಳಿಗೆ ಎಂಟು ಸಾವಿರದ ಕೆಲಸಗಾರ' ಎಂದುಬಿಡುತ್ತಾನೆ. ಅವನ ಲೆಕ್ಕ ಬರೆದುಕೊಡುವವರೂ ಮನೆಯವರೇ.

ಇದಕ್ಕೆ ಮದ್ದು 2020ರ ನವೆಂಬರ್ 4ರಂದು ಸುಪ್ರೀಂ ಕೋರ್ಟ್ ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಕೊಟ್ಟ ತೀರ್ಪು. ಅದರ ಪ್ರಕಾರ ಜೀವನಾಂಶದ ಪ್ರತಿ ಪ್ರಕರಣದಲ್ಲಿಯೂ ಗಂಡ ಹೆಂಡತಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಬ್ಯಾಂಕ್ ಖಾತೆ, ಸಾಲ, ವ್ಯಾಪಾರದಲ್ಲಿನ ಪಾಲು, ಜೀವನಮಟ್ಟ ಎಲ್ಲವನ್ನೂ ನಿಗದಿತ ನಮೂನೆಯ ಪ್ರಮಾಣಪತ್ರದಲ್ಲಿ ತೋರಿಸಬೇಕು. ಸುಳ್ಳು ಬರೆದರೆ ಸುಳ್ಳು ಪ್ರಮಾಣದ ಕ್ರಮ ಜರುಗಿಸಬಹುದು. ಮಧ್ಯಂತರ ಜೀವನಾಂಶವನ್ನು ಪ್ರಮಾಣಪತ್ರ ಬಂದ ನಾಲ್ಕರಿಂದ ಆರು ತಿಂಗಳೊಳಗೆ ತೀರ್ಮಾನಿಸಲು ಯತ್ನಿಸಬೇಕು, ಜೀವನಾಂಶ ಅರ್ಜಿಯ ದಿನದಿಂದ ಕೊಡಿಸಬೇಕು ಎಂಬುದೂ ಅದೇ ತೀರ್ಪಿನಲ್ಲಿದೆ. ವಕೀಲರು ಈ ಪ್ರಮಾಣಪತ್ರವನ್ನು ಸಲ್ಲಿಸಿದ್ದಾರೆಯೇ, ಎದುರಿನವರಿಂದ ಕೇಳಿದ್ದಾರೆಯೇ ಎಂಬುದು ಕಕ್ಷಿದಾರರು ತಪ್ಪದೆ ವಿಚಾರಿಸಬೇಕಾದ ಸಂಗತಿ.

ಎದುರಿನವರು ಮುಚ್ಚಿಟ್ಟರೆ ತೋರಿಸಲು ಸ್ವಲ್ಪ ಕಾಗದ ಕೈಯಲ್ಲಿರಬೇಕು. ಅಂಗಡಿಯ ಬಿಲ್ಲಿನ ಮೇಲಿರುವ ಜಿಎಸ್‌ಟಿ ಸಂಖ್ಯೆ ಹಾಕಿದರೆ ಜಿಎಸ್‌ಟಿ ಜಾಲತಾಣದಲ್ಲಿ ವ್ಯಾಪಾರ ಯಾರ ಹೆಸರಿನಲ್ಲಿದೆ, ಪಾಲುದಾರಿಕೆಯೋ ಒಬ್ಬರದೋ, ಯಾವಾಗ ಶುರುವಾಯಿತು ಎಂಬುದು ಯಾರಿಗಾದರೂ ಕಾಣುತ್ತದೆ. ಹೊಲದ ಪಹಣಿ ಭೂಮಿ ಜಾಲತಾಣದಲ್ಲಿ, ಮಹಾರಾಷ್ಟ್ರದ ಹೊಲವಾದರೆ ಸಾತ್‌ಬಾರಾ ಮಹಾಭೂಲೇಖದಲ್ಲಿ ಸಿಗುತ್ತದೆ. ಆಸ್ತಿ ಇತ್ತೀಚೆಗೆ ಅಪ್ಪ ಅಣ್ಣಂದಿರ ಹೆಸರಿಗೆ ವರ್ಗವಾಗಿದೆಯೇ ಎಂದು ಉಪನೋಂದಣಿ ಕಚೇರಿಯ ಋಣಭಾರ ಪತ್ರದಿಂದ ತಿಳಿಯುತ್ತದೆ. ಆದಾಯ ತೆರಿಗೆ ವಿವರ, ಬ್ಯಾಂಕ್ ಲೆಕ್ಕ ಇವನ್ನು ನ್ಯಾಯಾಲಯದ ಮೂಲಕವೇ ತರಿಸಬೇಕು. ಯಾರದೋ ಮೊಬೈಲು, ಪಾಸ್‌ವರ್ಡ್ ಕದ್ದು ತೆಗೆಯಲು ಹೋಗಬಾರದು.

ಮಗುವಿನ ಕಡೆಯಿಂದ ಜನನ ಪ್ರಮಾಣಪತ್ರ, ಶಾಲೆಯ ಫೀಸು ರಸೀದಿ, ವ್ಯಾನಿನ ಹಣ, ಟ್ಯೂಷನ್, ಔಷಧ ಚೀಟಿ, ಮನೆ ಬಾಡಿಗೆ ಎಲ್ಲವನ್ನೂ ತಿಂಗಳವಾರು ಜೋಡಿಸಿಡಬೇಕು. ಅಂಗಡಿಯಲ್ಲಿ ರೋಕಡಿ ಬರೆದಂತೆ ಮಗುವಿನ ಖರ್ಚಿಗೂ ಒಂದು ವಹಿ ಇಟ್ಟರೆ ಸಾಕ್ಷಿ ಹೇಳುವಾಗ ತಡವರಿಸಬೇಕಾಗಿಲ್ಲ. ಮದುವೆ ನೋಂದಣಿ ಆಗಿರದಿದ್ದರೆ ಲಗ್ನಪತ್ರಿಕೆ, ಫೋಟೋ ಸಾಲುತ್ತವೆ. ಮರಾಠಿ ಕಾಗದಗಳಿದ್ದರೆ ಅನುವಾದ ಮಾಡಿಸಿಡಬೇಕಾಗಬಹುದು.

ಎಷ್ಟು ಸಿಗುತ್ತದೆ ಎಂಬುದಕ್ಕೆ ಕೋಷ್ಟಕವಿಲ್ಲ. ಸಂಬಳದ ನಾಲ್ಕನೇ ಒಂದು ಪಾಲು ಎಂಬ ಮಾತು ಓಡಾಡುತ್ತಿದೆ. ಅದು 2017ರಲ್ಲಿ ಸುಪ್ರೀಂ ಕೋರ್ಟ್ ಹೆಂಡತಿಯ ಜೀವನಾಂಶದ ಬಗ್ಗೆ ಹೇಳಿದ್ದು, ಮಕ್ಕಳಿಗೆ ಹಾಕಿದ ಮಿತಿಯಲ್ಲ. ಕೆಲಸವಿಲ್ಲ, ವ್ಯಾಪಾರ ಮುಚ್ಚಿದೆ ಎಂಬ ಸಬೂಬೂ ಸುಲಭವಾಗಿ ನಡೆಯದು. ಮೈಯಲ್ಲಿ ಶಕ್ತಿ ಇರುವವನು ಕೂಲಿ ಮಾಡಿಯಾದರೂ ಹೆಂಡತಿ ಮಕ್ಕಳನ್ನು ಸಾಕಬೇಕೆಂದು 2022ರ ಸೆಪ್ಟೆಂಬರಿನಲ್ಲಿ ಅಂಜು ಗರ್ಗ್ ಪ್ರಕರಣದಲ್ಲಿ ಹೇಳಲಾಗಿದೆ. ಅದರಂತೆಯೇ ತಂದೆಗೆ ನಿಜವಾಗಿಯೂ ನಷ್ಟವಾಗಿದ್ದರೆ, ಕಾಯಿಲೆ ಬಿದ್ದಿದ್ದರೆ, ಹಣ ನಿಲ್ಲಿಸಿ ಕೂರದೆ ಮೊತ್ತ ಕಡಿಮೆ ಮಾಡಲು ಅವನೇ ಅರ್ಜಿ ಹಾಕಬೇಕು. ಮಗು ದೊಡ್ಡ ತರಗತಿಗೆ ಹೋದಂತೆ ಹೆಚ್ಚಿಸಲು ತಾಯಿಯೂ ಕೇಳಬಹುದು.

ವಕೀಲರನ್ನು ಗೊತ್ತುಮಾಡುವುದು

ಮೊದಲು ತಿಳಿಯಬೇಕಾದ್ದು: ಮಹಿಳೆಯರಿಗೆ ಮತ್ತು ಮಕ್ಕಳಿಗೆ ಸರ್ಕಾರದ ಕಾನೂನು ನೆರವು ಉಚಿತ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂನಲ್ಲಿ ಅವರಿಗೆ ಆದಾಯದ ಮಿತಿ ಇಲ್ಲ. ಬಸವಕಲ್ಯಾಣ, ಹುಮನಾಬಾದ್ ನ್ಯಾಯಾಲಯಗಳ ಆವರಣದಲ್ಲಿ ತಾಲೂಕು ಕಾನೂನು ಸೇವಾ ಸಮಿತಿ, ಬೀದರಿನಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇವೆ. ಬಿಳಿ ಹಾಳೆಯ ಮೇಲೆ ಕನ್ನಡದಲ್ಲಿ ಅರ್ಜಿ ಬರೆದುಕೊಟ್ಟರೂ ಆಗುತ್ತದೆ. ವಕೀಲರ ಶುಲ್ಕ, ನ್ಯಾಯಾಲಯದ ಶುಲ್ಕ ಎರಡನ್ನೂ ಅವರೇ ಭರಿಸುತ್ತಾರೆ. ದೂರವಾಣಿ 15100. ಹಿಂಸೆಯ ಪ್ರಕರಣವಾದರೆ 181, ಮಕ್ಕಳಿಗೆ ಅಪಾಯವಿದ್ದರೆ 1098. ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಸಂರಕ್ಷಣಾಧಿಕಾರಿಗಳೂ ಆಗಿರುತ್ತಾರೆ, ಅವರಲ್ಲಿಯೂ ದೂರು ಕೊಡಬಹುದು.

ನಮ್ಮವರು ದಾನ ಕೊಟ್ಟು ಗೊತ್ತು, ಕೇಳಿ ಗೊತ್ತಿಲ್ಲ. ಉಚಿತ ವಕೀಲರೆಂದರೆ ಮರ್ಯಾದೆ ಕಡಿಮೆಯಾಯಿತು ಎಂದು ತವರಿನವರು ಸಾಲ ಮಾಡಿ ದೊಡ್ಡ ವಕೀಲರನ್ನು ಹಿಡಿದು, ಎರಡು ವರ್ಷಕ್ಕೆ ಕೈ ಖಾಲಿಯಾಗಿ ಪ್ರಕರಣವನ್ನೇ ಬಿಟ್ಟುಬಿಡುವುದುಂಟು. ಕಾನೂನು ನೆರವು ದಾನವಲ್ಲ, ಶಾಸನ ಕೊಟ್ಟ ಹಕ್ಕು.

ಸ್ವಂತ ವಕೀಲರನ್ನು ನೇಮಿಸುವವರು ಊರಿನ ಒಂದು ಸಂಗತಿಯನ್ನು ನೆನಪಿಡಬೇಕು. ಸಣ್ಣ ಊರಿನಲ್ಲಿ ಒಬ್ಬರೇ ವಕೀಲರು ಎರಡೂ ಮನೆಯ ಹೊಲದ ದಾವೆ, ಅಂಗಡಿಯ ಬಾಕಿ ವಸೂಲಿ ನೋಡಿರುತ್ತಾರೆ. ಬೀಗರ ಕಡೆಗೂ ಬೇಕಾದವರಾಗಿರುತ್ತಾರೆ. 'ನೀವು ಹಿಂದೆ ಅವರ ಕೆಲಸ ಮಾಡಿದ್ದೀರಾ' ಎಂದು ನೇರವಾಗಿ ಕೇಳುವುದರಲ್ಲಿ ತಪ್ಪಿಲ್ಲ. ಹೌದೆಂದರೆ ಬಸವಕಲ್ಯಾಣದವರು ಹುಮನಾಬಾದಿನ, ಹುಮನಾಬಾದಿನವರು ಬೀದರಿನ ವಕೀಲರನ್ನು ನೋಡುವುದು ಒಳ್ಳೆಯದು. ಕೌಟುಂಬಿಕ ಪ್ರಕರಣಗಳನ್ನು ಎಷ್ಟು ಕಾಲದಿಂದ ನಡೆಸುತ್ತಿದ್ದಾರೆ, ತಾರೀಖಿಗೆ ತಾವೇ ಬರುತ್ತಾರೋ ಕಿರಿಯರನ್ನು ಕಳಿಸುತ್ತಾರೋ, ಒಟ್ಟು ಶುಲ್ಕವೋ ತಾರೀಖಿನ ಲೆಕ್ಕವೋ, ಟೈಪಿಂಗ್, ನೋಟಿಸು, ನಕಲಿನ ಖರ್ಚು ಬೇರೆಯೋ, ಇವನ್ನೆಲ್ಲ ಮೊದಲೇ ಮಾತಾಡಿ ಬರೆದಿಟ್ಟುಕೊಳ್ಳಬೇಕು. ಬಂದ ಜೀವನಾಂಶದಲ್ಲಿ ಇಷ್ಟು ಪಾಲು ಕೊಡಿ ಎಂದು ಕೇಳುವುದು ಭಾರತೀಯ ವಕೀಲರ ಪರಿಷತ್ತಿನ ನಿಯಮಕ್ಕೆ ವಿರುದ್ಧ. ಹಾಗೆ ಕೇಳಿದರೆ ಎದ್ದು ಬರುವುದೇ ಲೇಸು.

ವಕಾಲತ್ತಿಗೆ ಸಹಿ ಹಾಕುವಾಗ ಖಾಲಿ ಹಾಳೆಗಳಿಗೆ ಸಹಿ ಹಾಕಬಾರದು. ಮೂಲ ಕಾಗದಗಳನ್ನು ಮನೆಯಲ್ಲಿಟ್ಟುಕೊಂಡು ನಕಲು ಕೊಡಬೇಕು, ನ್ಯಾಯಾಲಯ ಕೇಳಿದಾಗ ಮೂಲ ತೋರಿಸಿದರಾಯಿತು. ವಕೀಲರು ಸರಿಬರದಿದ್ದರೆ ಬದಲಿಸಬಹುದು. ಶುಲ್ಕ ಬಾಕಿ ಇದೆಯೆಂದು ಕಡತ ಹಿಡಿದಿಟ್ಟುಕೊಳ್ಳುವ ಅಧಿಕಾರ ವಕೀಲರಿಗಿಲ್ಲವೆಂದು ಸುಪ್ರೀಂ ಕೋರ್ಟ್ 2000ದಲ್ಲಿ ತೀರ್ಪಿತ್ತಿದೆ. ಕುಟುಂಬ ನ್ಯಾಯಾಲಯದಲ್ಲಿ ವಕೀಲರು ವಾದಿಸಲು ನ್ಯಾಯಾಧೀಶರ ಅನುಮತಿ ಬೇಕು. ಅಲ್ಲಿ ಮೊದಲು ರಾಜಿಗೆ ಪ್ರಯತ್ನ ನಡೆಯುತ್ತದೆ, ತಾಯಿ ತಾನೇ ಮಾತನಾಡಲು ಸಿದ್ಧಳಾಗಿ ಹೋಗಬೇಕು.

ಲೋಕ ಅದಾಲತ್ತಿನಲ್ಲಿ ರಾಜಿಯಾಗುವುದಾದರೆ ಬರೆದದ್ದನ್ನು ಎರಡು ಸಲ ಓದಿಸಿಕೊಳ್ಳಬೇಕು. ಅಲ್ಲಿನ ತೀರ್ಪಿಗೆ ಮೇಲ್ಮನವಿ ಇಲ್ಲ. ಪ್ರತಿ ವರ್ಷ ಎಷ್ಟು ಹೆಚ್ಚಳ, ಯಾವ ತಾರೀಖಿಗೆ ಯಾವ ಖಾತೆಗೆ ಹಣ, ಪಿಯುಸಿ ನಂತರದ ಓದಿನ ಖರ್ಚು ಯಾರದು ಎಂಬುದು ಅದರಲ್ಲಿ ಇರಬೇಕು. ಗಂಡುಮಗನಿಗೆ 18 ತುಂಬಿದ ಮೇಲೆ ಕೇಳುವುದು ಕಷ್ಟ. ಎಂಜಿನಿಯರಿಂಗ್, ಸಿಎ ಓದಿನ ಖರ್ಚು ಶುರುವಾಗುವುದೇ ಆಗ.

ಆದೇಶ ಬಂದ ಮೇಲೆ

ಆದೇಶವಾದರೂ ಹಣ ಬರದಿರುವುದೇ ಹೆಚ್ಚಿನವರ ದೂರು. ಆಗ ಅದೇ ನ್ಯಾಯಾಲಯದಲ್ಲಿ ಬಾಕಿ ವಸೂಲಿಗೆ ಅರ್ಜಿ ಹಾಕಬೇಕು. ನ್ಯಾಯಾಲಯ ವಾರಂಟ್ ಹೊರಡಿಸಿ ಆಸ್ತಿ ಜಪ್ತಿ ಮಾಡಿಸಬಹುದು, ಆಮೇಲೂ ಕೊಡದಿದ್ದರೆ ಪ್ರತಿ ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಜೈಲಿಗೆ ಕಳಿಸಬಹುದು. ಜೈಲಿಗೆ ಹೋಗಿ ಬಂದರೆ ಸಾಲ ತೀರಿತು ಎಂದಲ್ಲ. ಬಾಕಿ ಹಾಗೆಯೇ ಉಳಿಯುತ್ತದೆ ಎಂದು ಸುಪ್ರೀಂ ಕೋರ್ಟ್ 1988ರಲ್ಲಿಯೇ ಹೇಳಿದೆ.

144ನೇ ಕಲಂ ಪ್ರಕಾರ ವಾರಂಟ್ ಕೇಳಲು ಒಂದು ವರ್ಷದ ಗಡುವಿದೆ. ಹಣ ಬರಬೇಕಾಗಿದ್ದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕದಿದ್ದರೆ ಆ ತಿಂಗಳ ಬಾಕಿಗೆ ವಾರಂಟ್ ಸಿಗುವುದಿಲ್ಲ. ಇಂದಲ್ಲ ನಾಳೆ ಕೊಟ್ಟಾರು ಎಂದು ಕಾದು ಕೂತವರು ಇಲ್ಲಿ ಮೋಸಹೋಗುತ್ತಾರೆ. ಬ್ಯಾಂಕ್ ಪಾಸ್‌ಬುಕ್ಕನ್ನು ಪ್ರತಿ ತಿಂಗಳು ತುಂಬಿಸಿ, ಯಾವ ತಿಂಗಳು ಬಂತು, ಯಾವುದು ಬರಲಿಲ್ಲ ಎಂದು ಗುರುತು ಹಾಕಿಟ್ಟುಕೊಳ್ಳಬೇಕು. ಎರಡು ಮೂರು ತಿಂಗಳು ತಪ್ಪಿದ ಕೂಡಲೇ ವಕೀಲರಿಗೆ ತಿಳಿಸಬೇಕು. ಪ್ರಕರಣದ ಮುಂದಿನ ತಾರೀಖನ್ನು ಯಾರನ್ನೂ ಕೇಳದೆ ಮೊಬೈಲಿನ ಇ-ಕೋರ್ಟ್ಸ್ ಆ್ಯಪಿನಲ್ಲಿ ನೋಡಬಹುದು. ಅದಕ್ಕೆ 16 ಅಂಕಿ ಅಕ್ಷರಗಳ ಸಿಎನ್‌ಆರ್ ಸಂಖ್ಯೆ ಬೇಕು. ಅರ್ಜಿ ದಾಖಲಾದ ದಿನವೇ ಅದನ್ನು ವಕೀಲರಿಂದ ಬರೆಸಿಕೊಂಡು ಬರಬೇಕು.